ನಡೆಯುವವಳಿಗೊಂದು ಚಪ್ಪಲಿ

ಕಥೆ, ಕಾದಂಬರಿ, ನಾಟಕ, ಸಿನಿಮಾ ಎಲ್ಲಕ್ಕೂ ವಿಮರ್ಶಕರಿದ್ದಾರೆ. ನಾವು ಮಾಡಿದ ಸಾರಿಗೆ ಮನೆಯಲ್ಲೇ ನಾಲ್ಕು ಜನ ವಿಮರ್ಶಕರು. ಉಟ್ಟ ಸೀರೆಗಂತೂ ಬೀದಿಯುದ್ದಕ್ಕೂ ಇದ್ದಾರೆ. ಆದರೆ ದಿನಕ್ಕೆ ಸಾವಿರಾರು ಸಲ ನಮ್ಮ ಮೈಭಾರವನ್ನೆಲ್ಲ ಹೊತ್ತು ನೆಲ ಮುಟ್ಟುವ ಚಪ್ಪಲಿಯನ್ನು ಯಾರಾದರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಚಪ್ಪಲಿಯ ಮಾತೆತ್ತುವುದೇ ನಮ್ಮಲ್ಲಿ ಅಷ್ಟೇನೂ ಮರ್ಯಾದೆಯ ವಿಷಯವಲ್ಲ. ಅದು ಬಾಗಿಲ ಹೊರಗಿರಬೇಕಾದ ವಸ್ತು. ಅದರ ಹೆಸರು ಬರುವುದು ಬೈಗುಳದಲ್ಲಿ, ಇಲ್ಲವೇ ದೇವಸ್ಥಾನದ ಮುಂದೆ ಬಿಟ್ಟದ್ದು ಕಳೆದುಹೋದಾಗ.

ಅಂಗಡಿಯಲ್ಲಿ ನಾವು ಚಪ್ಪಲಿ ಕೊಳ್ಳುವ ಕ್ರಮವನ್ನೇ ನೋಡಿ. ಮೆತ್ತನೆಯ ಸ್ಟೂಲಿನ ಮೇಲೆ ಕೂರಿಸುತ್ತಾರೆ. ಅಂಗಡಿಯ ಹುಡುಗ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತಂದು ಬಿಚ್ಚುತ್ತಾನೆ. ನೆಲದ ಮೇಲೆ, ಮೊಣಕಾಲಿನವರೆಗೆ ಮಾತ್ರ ಕಾಣುವಂತೆ ಒರಗಿಸಿಟ್ಟ ಒಂದು ಕನ್ನಡಿ. ಕಾಲು ತೂರಿಸಿ, ಪಾದವನ್ನು ಅತ್ತಿತ್ತ ತಿರುಗಿಸಿ, ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆ. ಜೊತೆಗೆ ಬಂದವರು "ಚೆನ್ನಾಗಿ ಕಾಣತ್ತೆ ಕಣೇ, ತಗೋ" ಅನ್ನುತ್ತಾರೆ. ಹೆಚ್ಚೆಂದರೆ ಜಮಖಾನದ ಮೇಲೆ ನಾಲ್ಕು ಹೆಜ್ಜೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಮೆಟ್ಟಿಲು ಇಳಿದು ನೋಡಿದವರಿಲ್ಲ, ಒದ್ದೆ ನೆಲದ ಮೇಲೆ ಊರಿ ನೋಡಿದವರಿಲ್ಲ, ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಿದಂತೆ ಎತ್ತಿ ನೋಡಿದವರಂತೂ ಇಲ್ಲವೇ ಇಲ್ಲ. ಹೆಂಗಸರ ಚಪ್ಪಲಿಯ ಮೇಲೆ ನನ್ನ ತಕರಾರೆಲ್ಲ ಇಲ್ಲಿಂದ ಶುರುವಾಗುತ್ತದೆ. ಅದನ್ನು ರೂಪಿಸುವವರ ಕಣ್ಣ ಮುಂದೆ ನಿಂತ ಹೆಣ್ಣಿದ್ದಾಳೆ, ನಡೆಯುವ ಹೆಣ್ಣಿಲ್ಲ.

ನಡೆಯುವುದನ್ನು ನಾವು ಬಹಳ ಹಗುರವಾಗಿ ತೆಗೆದುಕೊಂಡುಬಿಟ್ಟಿದ್ದೇವೆ. ನಿಜದಲ್ಲಿ ಪ್ರತಿ ಹೆಜ್ಜೆಗೂ ನಮ್ಮ ಮೈ ಮುಂದಕ್ಕೆ ಬೀಳುತ್ತಿರುತ್ತದೆ; ಬೀಳುವ ಮುನ್ನ ಇನ್ನೊಂದು ಕಾಲು ಮುಂದೆ ಹೋಗಿ ತಡೆಯುತ್ತದೆ. ನಡೆಯುವಾಗ ಎರಡೂ ಪಾದ ನೆಲದ ಮೇಲಿರುವ ಹೊತ್ತು ಬಹಳ ಕಡಿಮೆ. ಉಳಿದ ಹೊತ್ತೆಲ್ಲ ನಾವು ಒಂಟಿಕಾಲಿನವರೇ. ಆ ಒಂದು ಪಾದದಲ್ಲಿ 26 ಮೂಳೆಗಳಿವೆ. ಅಂಗಾಲಿನ ಚರ್ಮದಲ್ಲಿರುವ ನರಗಳು ನೆಲ ಓರೆಯೋ ಸಪಾಟೋ, ಮೆತ್ತಗೋ ಗಟ್ಟಿಯೋ ಎಂಬ ಸುದ್ದಿಯನ್ನು ಕ್ಷಣಕ್ಷಣಕ್ಕೂ ಮೇಲಕ್ಕೆ ಕಳಿಸುತ್ತಿರುತ್ತವೆ. ಎತ್ತಿದ ಕಾಲಿನ ಬೆರಳ ತುದಿ ಮುಂದೆ ಸಾಗುವಾಗ ನೆಲಕ್ಕೂ ಅದಕ್ಕೂ ಇರುವ ಅಂತರ ಸುಮಾರು ಒಂದೆರಡು ಸೆಂಟಿಮೀಟರ್ ಮಾತ್ರ. ಇಷ್ಟು ನಾಜೂಕಾದ ಲೆಕ್ಕಾಚಾರದ ನಡುವೆ ನಾವೊಂದು ವಸ್ತುವನ್ನು ತಂದು ಸೇರಿಸುತ್ತೇವೆ. ಅದು ಪಾದವನ್ನು ಎಷ್ಟು ಎತ್ತುತ್ತದೆ, ಹೇಗೆ ಹಿಡಿದುಕೊಳ್ಳುತ್ತದೆ, ನೆಲದ ಸುದ್ದಿಯನ್ನು ಎಷ್ಟು ಒಳಗೆ ಬಿಡುತ್ತದೆ, ನೆಲವನ್ನು ಎಷ್ಟು ಕಚ್ಚಿ ಹಿಡಿಯುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದದ್ದು ಚಪ್ಪಲಿ.

ಮೊದಲ ಪ್ರಶ್ನೆ ಎತ್ತರದ್ದು. ಹಿಮ್ಮಡಿ ಎತ್ತಿದ ಪಾದರಕ್ಷೆ ಹುಟ್ಟಿದ್ದೇ ನಡೆಯುವುದಕ್ಕಲ್ಲ ಎಂಬುದನ್ನು ನಮ್ಮ ಹುಡುಗಿಯರಿಗೆ ಯಾರಾದರೂ ಹೇಳಬೇಕು. ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಜಾರದಿರಲೆಂದು ಹಿಮ್ಮಡಿ ಇಟ್ಟ ಬೂಟು ತೊಡುತ್ತಿದ್ದರು. ಕುದುರೆಯ ಮೇಲೆ ಕೂತು ಬಾಣ ಬಿಡುವವನಿಗೆ ಅದು ಬೇಕಾದದ್ದೇ. ಹದಿನೇಳನೆಯ ಶತಮಾನದಲ್ಲಿ ಯುರೋಪಿನ ಶ್ರೀಮಂತ ಗಂಡಸರು ಅದನ್ನು ಎತ್ತಿಕೊಂಡರು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ 1701ರ ಪ್ರಸಿದ್ಧ ಚಿತ್ರದಲ್ಲಿ ಅವನ ಕಾಲಲ್ಲಿ ಕೆಂಪು ಹಿಮ್ಮಡಿಯ ಬೂಟುಗಳಿವೆ. ದೊರೆಗೆ ನಡೆಯುವ ಅಗತ್ಯವೇನು? ಅವನ ಕೆಲಸಕ್ಕೆ ಓಡಾಡುವವರು ಬೇರೆ ಇದ್ದರು. ವೆನಿಸ್ ನಗರದ ಸಿರಿವಂತ ಹೆಂಗಸರು ಇನ್ನೂ ಹಿಂದೆಯೇ ಚಾಪೀನ್ ಎಂಬ ಎತ್ತರದ ಅಟ್ಟೆಯನ್ನು ಮೆಟ್ಟುತ್ತಿದ್ದರು. ಅಲ್ಲಿ ಉಳಿದುಬಂದಿರುವ ಒಂದು ಜೊತೆ ಒಂದೂವರೆ ಅಡಿಗಿಂತ ಹೆಚ್ಚು ಎತ್ತರವಿದೆ. ಅದನ್ನು ಮೆಟ್ಟಿ ಬೀದಿಗಿಳಿದರೆ ಎರಡೂ ಪಕ್ಕದಲ್ಲಿ ಕೈಹಿಡಿದು ನಡೆಸಲು ದಾಸಿಯರು ಬೇಕು. ನಮ್ಮ ಹಾವುಗೆಯೂ ಇದೇ ಜಾತಿಯದು. ಹೆಬ್ಬೆರಳ ಸಂದಿನಲ್ಲಿ ಒಂದು ಗೂಟವನ್ನು ಹಿಡಿದು ನಡೆಯಬೇಕು, ಅವಸರ ಮಾಡುವಂತಿಲ್ಲ. ಅವಸರವಿಲ್ಲದಿರುವುದೇ ದೊಡ್ಡಸ್ತಿಕೆಯ ಗುರುತಾಗಿದ್ದ ಕಾಲದ ವಸ್ತುಗಳಿವು. ಬೆಳಿಗ್ಗೆ ಡಬ್ಬಿ ಕಟ್ಟಿ, ಮಗುವನ್ನು ಶಾಲೆಗೆ ಬಿಟ್ಟು, ಎಂಟೂವರೆಯ ಬಸ್ಸಿಗೆ ಓಡುವ ನಮಗೆ ಇವು ಬಂದು ಸೇರಿದ್ದು ಹೇಗೆ!

ಗಂಡಸರು ಹಿಮ್ಮಡಿಯನ್ನು ಬಿಟ್ಟು ಕೆಳಗಿಳಿದರು, ಹೆಂಗಸರು ಮೇಲೆಯೇ ಉಳಿದರು. 1950ರ ದಶಕದಲ್ಲಿ ಒಳಗೆ ಉಕ್ಕಿನ ಕಡ್ಡಿಯಿಟ್ಟು ಪೆನ್ಸಿಲಿನಷ್ಟು ತೆಳ್ಳಗಿನ ಹಿಮ್ಮಡಿ ಮಾಡುವುದನ್ನು ಕಲಿತರು. ಅದಕ್ಕೆ ಇಟ್ಟ ಹೆಸರು ಸ್ಟಿಲೆಟೊ, ಇಟಲಿಯ ಒಂದು ಬಗೆಯ ಸಣ್ಣ ಚೂರಿಯ ಹೆಸರು. 1993ರಲ್ಲಿ ಪ್ಯಾರಿಸ್ಸಿನ ಒಂದು ಫ್ಯಾಷನ್ ಪ್ರದರ್ಶನದಲ್ಲಿ, ನಡೆದು ತೋರಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನವೋಮಿ ಕ್ಯಾಂಪ್‌ಬೆಲ್ ವಿವಿಯನ್ ವೆಸ್ಟ್‌ವುಡ್ ರೂಪಿಸಿದ ಭಾರೀ ಎತ್ತರದ ಶೂ ಮೆಟ್ಟಿ ವೇದಿಕೆಯ ಮೇಲೆ ಧೊಪ್ಪೆಂದು ಕೂತರು. ಆಕೆ ನಕ್ಕು ಎದ್ದರು, ಜನ ಚಪ್ಪಾಳೆ ತಟ್ಟಿದರು. ಆ ಶೂ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬೀಳಿಸಿದ ಶೂಗೆ ಇಷ್ಟು ದೊಡ್ಡ ಮರ್ಯಾದೆ!

ಹಿಮ್ಮಡಿ ಎತ್ತಿದಾಗ ಆಗುವುದಿಷ್ಟು. ಇಡೀ ಪಾದಕ್ಕೆ ಹಂಚಿಹೋಗಬೇಕಾದ ಭಾರ ಮುಂಗಾಲಿಗೆ ಸರಿಯುತ್ತದೆ. ಪಾದದ ಗಂಟಿನಲ್ಲಿ ಕೂತಿರುವ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಪಾದ ಸಪಾಟಾಗಿದ್ದಾಗ ಅಗಲದ ಭಾಗ ಕೀಲಿನಲ್ಲಿ ಬಿಗಿಯಾಗಿ ಕೂರುತ್ತದೆ; ಹಿಮ್ಮಡಿ ಮೇಲೆದ್ದಾಗ ಕಿರಿದಾದ ಭಾಗ ಅಲ್ಲಿಗೆ ಬಂದು, ಸಡಿಲವಾದ ಬಾಗಿಲ ಚಿಲಕದಂತೆ ಆಡತೊಡಗುತ್ತದೆ. ಕಲ್ಲೊಂದು ಸಿಕ್ಕಿದರೆ ಸಾಕು, ಕಾಲು ಉಳುಕುತ್ತದೆ. ವರ್ಷಗಟ್ಟಲೆ ಹೀಗೇ ನಡೆದವರ ಮೀನಖಂಡದ ಸ್ನಾಯುವಿನ ಎಳೆಗಳು ಗಿಡ್ಡವಾಗಿ, ಹಿಮ್ಮಡಿಯ ಹಿಂದಿನ ನರ ಎಂದು ನಾವು ಕರೆಯುವ ಕಂಡರ ಪೆಡಸಾಗುತ್ತದೆಂದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಬರಿಗಾಲಲ್ಲಿ ನಿಂತರೆ ಹಿಮ್ಮಡಿ ನೋಯುತ್ತದೆ ಎಂದು ಕೆಲವರು ಹೇಳುವುದು ಸುಳ್ಳಲ್ಲ. 1998ರಲ್ಲಿ ಅಮೆರಿಕದ ವೈದ್ಯೆ ಕೇಸಿ ಕೆರಿಗನ್ ಮತ್ತು ಸಂಗಡಿಗರು ಎತ್ತರದ ಹಿಮ್ಮಡಿ ಮೆಟ್ಟಿ ನಡೆಯುವಾಗ ಮಂಡಿಯ ಒಳಬದಿಯ ಮೇಲೆ ಬೀಳುವ ಒತ್ತಡ ಬರಿಗಾಲಿಗಿಂತ ಶೇಕಡಾ 20ಕ್ಕೂ ಹೆಚ್ಚುವುದನ್ನು ಅಳೆದರು. "ಚೂಪು ಹೀಲ್ಸ್ ತಾನೆ ಕೆಟ್ಟದ್ದು, ನನ್ನದು ದಪ್ಪ ಹೀಲ್ಸ್" ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಅವರದೇ 2001ರ ಅಧ್ಯಯನದಲ್ಲಿ ಉತ್ತರವಿದೆ. ಅಗಲ ಹಿಮ್ಮಡಿಯೂ ಮಂಡಿಗೆ ಅಷ್ಟೇ ಭಾರ ಹಾಕುತ್ತದೆ. ಮಂಡಿನೋವಿಲ್ಲದ ಐವತ್ತು ದಾಟಿದ ಹೆಂಗಸು ನಮ್ಮ ಬೀದಿಯಲ್ಲಿ ಹುಡುಕಿದರೂ ಸಿಕ್ಕುವುದು ಕಷ್ಟ. ಅದಕ್ಕೆ ಕಾರಣ ಹಲವು. ಇದೂ ಒಂದನ್ನು ಮೇಲಿಂದ ಸೇರಿಸಬೇಕೆ?

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಅದು ಯಾವ ದೇಶದ ಪ್ರಯೋಗಶಾಲೆಯಲ್ಲೂ ಅಳೆದದ್ದಲ್ಲ, ಯಾವ ಕಲ್ಯಾಣ ಮಂಟಪದಲ್ಲಾದರೂ ನೀವೇ ನೋಡಬಹುದು. ಎರಡೂವರೆ ಇಂಚಿನ ಹೀಲ್ಸ್ ಮೆಟ್ಟಿ, ಅದಕ್ಕೆ ಸರಿಯಾಗಿ ನೆರಿಗೆ ಹಿಡಿದು, ಅಂಚು ನೆಲಕ್ಕೆ ತಾಕಿಯೂ ತಾಕದಂತೆ ಪಿನ್ ಹಾಕಿ ಹೊರಡುತ್ತೇವೆ. ಮಂಟಪದ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಬಿಟ್ಟೊಡನೆ ಎರಡೂವರೆ ಇಂಚು ಸೀರೆ ಕಾಲಡಿಗೆ. ಒಂದು ಕೈಯಲ್ಲಿ ಉಡುಗೊರೆ, ಇನ್ನೊಂದರಲ್ಲಿ ಮಗು. ನೆರಿಗೆ ಎತ್ತಿಕೊಳ್ಳಲು ಮೂರನೆಯ ಕೈ ಇಲ್ಲ. ವೇದಿಕೆಯ ಮೆಟ್ಟಿಲು ಹತ್ತುವಾಗ ತನ್ನ ಸೀರೆಯನ್ನು ತಾನೇ ತುಳಿದು ಮುಗ್ಗರಿಸುವ ಹೆಂಗಸರನ್ನು ಪ್ರತಿ ಮದುವೆಯಲ್ಲೂ ನೋಡುತ್ತೇನೆ. ವಿಡಿಯೋದವನು ಅದನ್ನು ಕತ್ತರಿಸಿಬಿಡುತ್ತಾನೆ, ಅಷ್ಟೆ.

ಇಷ್ಟು ಓದಿ "ಸದ್ಯ, ನಾನು ಹೀಲ್ಸ್ ಹಾಕುವವಳಲ್ಲ" ಎಂದು ನಿಟ್ಟುಸಿರು ಬಿಡುವ ಓದುಗರಿದ್ದರೆ ದಯವಿಟ್ಟು ಮುಂದೆಯೂ ಓದಬೇಕು. ಏಕೆಂದರೆ ನನ್ನ ಎರಡನೆಯ, ಹೆಚ್ಚು ಗಂಭೀರವಾದ ತಕರಾರಿರುವುದು ಮನೆಯೊಳಗಿನ ಚಪ್ಪಲಿಯ ಮೇಲೆ.

ನನ್ನ ಸೋದರತ್ತೆ ಜೀವಮಾನದಲ್ಲಿ ಹಿಮ್ಮಡಿಯ ಚಪ್ಪಲಿ ಕಂಡವರಲ್ಲ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಬಚ್ಚಲಿನಿಂದ ಹಿತ್ತಿಲಿಗೆ ಹೋಗುವ ಎರಡೇ ಮೆಟ್ಟಿಲಲ್ಲಿ, ಸವೆದು ನುಣುಪಾದ ರಬ್ಬರ್ ಚಪ್ಪಲಿ ಜಾರಿ ಬಿದ್ದರು. ತೊಡೆಯ ಮೂಳೆಯ ಕತ್ತು ಮುರಿಯಿತು. ಆಸ್ಪತ್ರೆಯಲ್ಲಿ ನಾನು "ಆ ಚಪ್ಪಲಿಯನ್ನ ಇನ್ನೂ ಯಾಕತ್ತೆ ಇಟ್ಕೊಂಡಿದ್ರಿ?" ಎಂದಾಗ ಅವರು ಹೇಳಿದ್ದು: "ಹೊರಗೆ ಹೋಗೋ ಚಪ್ಪಲಿ ಅಲ್ವಲ್ಲೇ, ಮನೇದು. ಮನೇಗೆ ಯಾವುದಾದ್ರೇನು?" ಆ ಮಾತನ್ನು ನಾನು ಬಹಳ ಸಲ ನೆನೆಸಿಕೊಂಡಿದ್ದೇನೆ. ಹೊರಗೆ ಹಾಕಿ ಹಳತಾದದ್ದು ಒಳಗೆ ಬರುತ್ತದೆ. ಮಕ್ಕಳು ಬಿಟ್ಟದ್ದು ಅಮ್ಮನಿಗೆ, ಅಮ್ಮ ಬಿಟ್ಟದ್ದು ಅಜ್ಜಿಗೆ. ಹಿಡಿತ ಹೆಚ್ಚು ಬೇಕಾದ ಕಾಲಿಗೆ ಹಿಡಿತ ಕಳೆದುಕೊಂಡ ಚಪ್ಪಲಿ. ಅತ್ತೆ ಎದ್ದು ಓಡಾಡಿದರು ನಿಜ, ಆದರೆ ಹಿತ್ತಿಲಿಗೆ ಒಬ್ಬರೇ ಇಳಿಯಲಿಲ್ಲ. ಅವರ ಸಂಪಿಗೆ ಗಿಡಕ್ಕೆ ನೀರು ಹಾಕುವವರು ಬೇರೆಯಾದರು.

ಇದು ಒಬ್ಬ ಅತ್ತೆಯ ಕಥೆಯಲ್ಲ. ಆಸ್ಟ್ರೇಲಿಯಾದಲ್ಲಿ ಕ್ಯಾಥಿ ಶೆರಿಂಗ್‌ಟನ್ ಮತ್ತು ಹಿಲ್ಟನ್ ಮೆಂಜ್, ಬಿದ್ದು ತೊಡೆಯ ಮೂಳೆ ಮುರಿದುಕೊಂಡ 95 ಹಿರಿಯರು ಬೀಳುವಾಗ ಕಾಲಲ್ಲಿ ಏನಿತ್ತೆಂದು ವಿಚಾರಿಸಿ 2003ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮನೆಯೊಳಗೆ ಹಾಕುವ ಸ್ಲಿಪ್ಪರ್. ನಾಲ್ವರಲ್ಲಿ ಮೂವರ ಪಾದರಕ್ಷೆಯಲ್ಲಿ ಒಂದಲ್ಲ ಒಂದು ಕೊರತೆಯಿತ್ತು. ಅದರಲ್ಲೂ ಮುಖ್ಯವಾದದ್ದು ಪಾದಕ್ಕೆ ಕಟ್ಟಿ ಹಿಡಿಯುವ ಲೇಸು, ಬಕಲ್, ಪಟ್ಟಿ ಏನೂ ಇಲ್ಲದಿರುವುದು. ಹವಾಯಿ ಚಪ್ಪಲಿಯನ್ನು ನೆನೆಸಿಕೊಳ್ಳಿ. ಬೆರಳ ಸಂದಿನ ಒಂದು ಗುಂಡಿ, ಎರಡು ಬಾರು. ಹಿಮ್ಮಡಿ ಪೂರ್ತಿ ಸ್ವತಂತ್ರ. ಅದು ಕಳಚಿಹೋಗದಂತೆ ಹೆಜ್ಜೆಹೆಜ್ಜೆಗೂ ಬೆರಳುಗಳು ಮುದುಡಿ ಹಿಡಿಯಬೇಕು. ಇಂಥ ಚಪ್ಪಲಿಯಲ್ಲಿ ಹೆಜ್ಜೆಯೇ ಗಿಡ್ಡವಾಗುತ್ತದೆಂದು 2008ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದರು. ವಯಸ್ಸಾದವರು ಕಾಲೆಳೆದು ನಡೆಯುತ್ತಾರೆ ಎನ್ನುತ್ತೇವಲ್ಲ, ಕೆಲವು ಸಲ ಅವರು ಎಳೆಯುತ್ತಿರುವುದು ಕಾಲನ್ನಲ್ಲ, ಚಪ್ಪಲಿಯನ್ನು. ನೆಲಕ್ಕೂ ಬೆರಳಿಗೂ ಒಂದೆರಡು ಸೆಂಟಿಮೀಟರ್ ಅಂತರವೆಂದೆ. ಜೋಲುವ ಚಪ್ಪಲಿ ಅದನ್ನೂ ನುಂಗುತ್ತದೆ. ಹೊಸಿಲಿಗೆ ತಾಕುತ್ತದೆ, ಕಾಲೊರಸಿನ ಅಂಚಿಗೆ ಸಿಕ್ಕುತ್ತದೆ. ಎಡವಿದ ಕಾಲು ಎಡವುವುದೇ ಹೆಚ್ಚು ಎಂದು ಗಾದೆ ಹೇಳಿದವರು ಆ ಕಾಲಲ್ಲಿ ಏನಿತ್ತೆಂದು ನೋಡಲಿಲ್ಲ.

ಸಿಂಡರೆಲ್ಲಾ ಕಥೆಯನ್ನು ಮಕ್ಕಳಿಗೆ ಹೇಳುವಾಗಲೂ ನನಗೆ ಇದೇ ತಕರಾರು. ಇಡೀ ರಾಜ್ಯದಲ್ಲಿ ಅವಳೊಬ್ಬಳ ಪಾದಕ್ಕೆ ಮಾತ್ರ ಸರಿಹೊಂದುವ ಶೂ, ಅವಳು ಓಡಿದ ಕೂಡಲೇ ಕಳಚಿ ಬಿದ್ದದ್ದು ಹೇಗೆ? ಫ್ರಾನ್ಸಿನ ಪೆರೋ 1697ರಲ್ಲಿ ಬರೆದು ಪ್ರಸಿದ್ಧಗೊಳಿಸಿದ ಕಥೆಯಲ್ಲಿ ಅದು ಗಾಜಿನದು. ಬಗ್ಗುವುದಿಲ್ಲ, ಕಟ್ಟುವ ಪಟ್ಟಿಯಿಲ್ಲ, ನುಣುಪಾದ ತಳ. ಆ ಹುಡುಗಿ ಅರಮನೆಯ ಮೆಟ್ಟಿಲಲ್ಲಿ ಮೂಳೆ ಮುರಿದುಕೊಳ್ಳದೆ ಮನೆ ಸೇರಿದ್ದೇ ನಿಜವಾದ ಮಾಯೆ.

ಹಾಗಾದರೆ ಮೆತ್ತಗಿನ ದಪ್ಪ ಅಟ್ಟೆಯ ಚಪ್ಪಲಿ ಒಳ್ಳೆಯದೆ? ಅಂಗಡಿಯವರು ಹೆಬ್ಬೆರಳಿನಿಂದ ಒತ್ತಿ ತೋರಿಸಿ "ಹತ್ತಿ ಇದ್ದಂಗಿದೆ ಮೇಡಂ" ಎನ್ನುತ್ತಾರೆ. ಹಾಸಿಗೆಯ ಮೇಲೆ ಒಂಟಿಕಾಲಲ್ಲಿ ನಿಂತು ನೋಡಿ, ಉತ್ತರ ತಿಳಿಯುತ್ತದೆ. 1992ರಲ್ಲಿ ಕೆನಡಾದ ಸ್ಟೀವನ್ ರಾಬಿನ್ಸ್ ಮತ್ತಿತರರು ವಯಸ್ಸಾದ ಗಂಡಸರನ್ನು ಕಿರಿದಾದ ತೊಲೆಯ ಮೇಲೆ ನಡೆಸಿದಾಗ, ತೆಳ್ಳಗಿನ ಗಟ್ಟಿ ಅಟ್ಟೆಯಲ್ಲಿ ಅವರ ಸಮತೋಲ ಚೆನ್ನಾಗಿತ್ತು. ದಪ್ಪ, ಮೆತ್ತಗಿನ ಅಟ್ಟೆಯಲ್ಲಿ ಕೆಟ್ಟಿತು. ಪಾದಕ್ಕೆ ನೆಲದ ಸುದ್ದಿ ಮುಟ್ಟಬೇಕು. ಹಾಗೆಂದು ಬರಿಗಾಲೇ ಸರಿ ಎನ್ನುವಂತೆಯೂ ಇಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿರಿಯರು ಹೆಚ್ಚಾಗಿ ಬಿದ್ದದ್ದು ಬರಿಗಾಲಲ್ಲಿ ಅಥವಾ ಬರೀ ಕಾಲುಚೀಲದಲ್ಲಿದ್ದಾಗ. ಕಡಿಮೆ ಬಿದ್ದದ್ದು ಲೇಸಿನ ಕ್ಯಾನ್ವಾಸ್ ಶೂ, ಓಟದ ಶೂಗಳಂಥವನ್ನು ಹಾಕಿದ್ದಾಗ. ಅಲ್ಲಿಯವರು ಹುಟ್ಟಿನಿಂದ ಶೂ ಹಾಕಿದವರು, ನಾವು ಬರಿಗಾಲಲ್ಲೇ ಬೆಳೆದವರು ಎಂದು ವಾದಿಸಬಹುದು. ಆದರೆ ನಾವು ಬೆಳೆದ ಸಗಣಿ ಸಾರಿಸಿದ ನೆಲ ಈಗೆಲ್ಲಿದೆ? ಕನ್ನಡಿಯಂತೆ ಹೊಳೆಯುವ ಟೈಲ್ಸ್ ಮೇಲೆ ಒಂದು ಲೋಟ ನೀರು ಚೆಲ್ಲಿದರೆ ಯಾವ ಪಾದವೂ ನಿಲ್ಲದು.

ಇಷ್ಟು ದೂರಿದ ಮೇಲೆ ಮೆಚ್ಚಿದ್ದನ್ನೂ ಹೇಳಬೇಕು. ಕೊಲ್ಲಾಪುರಿ ಎಂದು ನಾವು ಕರೆಯುವ, ನಮ್ಮ ಅಥಣಿ ಕಡೆಯ ಕುಶಲಕರ್ಮಿಗಳೂ ಮಾಡುವ ಚರ್ಮದ ಚಪ್ಪಲಿ ನನ್ನ ಲೆಕ್ಕದಲ್ಲಿ ಬುದ್ಧಿವಂತ ವಸ್ತು. 2019ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ತಲಾ ನಾಲ್ಕು ಜಿಲ್ಲೆಗಳಿಗೆ ಸೇರಿದಂತೆ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿಯನ್ನು ಮಿಲಾನಿನಲ್ಲಿ ಮೆರೆಸಿ, ಗದ್ದಲವಾದ ಮೇಲೆ ಮೂಲ ಯಾವುದೆಂದು ಒಪ್ಪಿಕೊಂಡಿತು. ಅದರ ಅಂದವನ್ನು ಎಲ್ಲರೂ ಹೊಗಳಿದರು. ನಾನು ಹೊಗಳುವುದು ಅದರ ಅಟ್ಟೆಯನ್ನು. ಸಪಾಟು, ಗಟ್ಟಿ, ಪಾದದಷ್ಟೇ ಅಗಲ. ನಡುಪಟ್ಟಿ ಪಾದದ ಬೆನ್ನನ್ನು ಅಪ್ಪುತ್ತದೆ, ಉಂಗುಷ್ಠ ಹೆಬ್ಬೆರಳನ್ನು ಹಿಡಿಯುತ್ತದೆ. ಕೆಲವು ದಿನ ಕಚ್ಚಿ, ಆಮೇಲೆ ಮೆಟ್ಟಿದವಳ ಪಾದದ ಆಕಾರಕ್ಕೇ ಒಗ್ಗುತ್ತದೆ. ದೋಷವೂ ಇದೆ. ಚರ್ಮದ ತಳ ಒದ್ದೆ ನೆಲಕ್ಕೆ ಆಗದು, ಹಿಂದೆ ಪಟ್ಟಿಯಿಲ್ಲ. ಮಳೆಗಾಲಕ್ಕೂ ಮುಪ್ಪಿಗೂ ಅದು ಸಾಲದು. ತಳಕ್ಕೆ ಗೆರೆಯಿರುವ ರಬ್ಬರು, ಹಿಂದಕ್ಕೊಂದು ಪಟ್ಟಿ ಸೇರಿಸಿದರೆ ಇದಕ್ಕಿಂತ ಇನ್ನೇನು ಬೇಕು?

ಪಾದದಷ್ಟೇ ಅಗಲ ಎಂದೆ. ಅದು ಸಣ್ಣ ಮಾತಲ್ಲ. ನಾವು ಕೊಳ್ಳುವ ನಂಬರುಗಳು ಇಂಗ್ಲೆಂಡಿನ, ಯುರೋಪಿನ ಅಳತೆಗಳು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಕೊನೆಯಿಂದ 2022ರ ಮೊದಲ ತಿಂಗಳುಗಳವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮ ಪಾದಗಳು ಅವರದಕ್ಕಿಂತ ಅಗಲವೆಂದು ಕಂಡುಕೊಂಡಿತು. ಚೂಪು ಮೂತಿಯ ಕಟ್‌ಶೂ ಒಳಗೆ ಕಿರುಬೆರಳು ಹೆಬ್ಬೆರಳುಗಳೆರಡೂ ಮಡಚಿಕೊಂಡು ಕೂರುವುದು ನಮ್ಮ ಪಾದದ ತಪ್ಪಲ್ಲ. ಅಗಲ ಸಾಲದೆಂದು ಒಂದು ನಂಬರು ದೊಡ್ಡದು ಕೊಂಡರೆ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ. ಬಿಗಿಯಾದರೆ ನೋವು, ಸಡಿಲವಾದರೆ ಬೀಳು. ಇವೆರಡರ ನಡುವೆ ಆರಿಸಿಕೊಳ್ಳಿ ಎನ್ನುತ್ತದೆ ಅಂಗಡಿ.

ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಎಲ್ಲರಿಗಿಲ್ಲ. ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಎಂಬ ಯುವತಿಯನ್ನು ಹೀಲ್ಸ್ ಹಾಕಿ ಬರಲಿಲ್ಲವೆಂದು ಸ್ವಾಗತಕಾರಿಣಿಯ ಕೆಲಸದ ಮೊದಲ ದಿನವೇ ಮನೆಗೆ ಕಳಿಸಿದರು. 2016ರಲ್ಲಿ ಆಕೆ ಬರೆದ ಮನವಿಗೆ ಒಂದೂವರೆ ಲಕ್ಷ ಜನ ಸಹಿ ಹಾಕಿ, ವಿಷಯ ಪಾರ್ಲಿಮೆಂಟಿನಲ್ಲಿ ಚರ್ಚೆಯಾಯಿತು. ಜಪಾನಿನಲ್ಲಿ 2019ರಲ್ಲಿ ಯುಮಿ ಇಶಿಕಾವಾ ಇಂಥದೇ ಚಳವಳಿ ಹೂಡಿದರು. ಜಪಾನಿ ಭಾಷೆಯಲ್ಲಿ ಶೂಗೆ 'ಕುತ್ಸು', ನೋವಿಗೆ 'ಕುತ್ಸೂ'. ಒಂದು ದೀರ್ಘದ ಅಂತರ. ನಮ್ಮ ಊರಿನ ಬಟ್ಟೆ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತು ಸೀರೆ ಬಿಚ್ಚಿ ತೋರಿಸುವ ಹುಡುಗಿಯರಿಗೆ ಮನವಿ ಬರೆಯುವ ಧೈರ್ಯ ಎಲ್ಲಿಂದ ಬರಬೇಕು? ಒಬ್ಬಳನ್ನು ಕೇಳಿದೆ. "ಗಿಡ್ಡ ಇದೀನಲ್ಲ ಆಂಟಿ, ಸ್ವಲ್ಪ ಎತ್ತರ ಇರೋದು ಹಾಕ್ಕೊಂಡು ಬಾ ಅಂದ್ರು" ಎಂದಳು. ಹೇಳುವಾಗಲೇ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು.

ಸರಿಯಾದ ಚಪ್ಪಲಿ ಮಾಡಲು ಬರುವುದಿಲ್ಲವೆಂದೇನಿಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಗಾಯವಾಗದಂಥ ರಬ್ಬರು ಯಾವುದೆಂದು ಹುಡುಕಿದರು. ಇಂದು ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವ ಎಂಸಿಆರ್ ಚಪ್ಪಲಿ ಆ ಹುಡುಕಾಟದ ಫಲ. ಅಗಲ ಮುಂಭಾಗ, ಹಿಂದೆ ಪಟ್ಟಿ, ಬಗ್ಗದೆಯೇ ಅಂಟಿಸಬಹುದಾದ ವೆಲ್ಕ್ರೊ. ಅಲ್ಲಿ ವಿನ್ಯಾಸ ಶುರುವಾದದ್ದು ಕನ್ನಡಿಯಿಂದಲ್ಲ, ಪಾದದಿಂದ. ಆದರೆ ಅದನ್ನು ಹಾಕಿಕೊಳ್ಳಿ ಎಂದರೆ ನನ್ನ ಗೆಳತಿಯರು ಒಪ್ಪುವುದಿಲ್ಲ. "ಅಯ್ಯೋ, ಕಾಯಿಲೆಯವರ ಚಪ್ಪಲಿ! ರೇಷ್ಮೆ ಸೀರೆ ಉಟ್ಟು ಅದನ್ನ ಹ್ಯಾಗೆ ಹಾಕ್ಲಿ?" ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಚೆನ್ನಾಗಿ ಕಾಣಬೇಕೆನ್ನುವ ಆಸೆ ಅರವತ್ತರಲ್ಲೂ ಇರುತ್ತದೆ, ಇರಬೇಕು. ಅಂದವಾದದ್ದು ಬೀಳಿಸುತ್ತದೆ, ಬೀಳಿಸದೆ ಇರುವುದು ಆಸ್ಪತ್ರೆಯ ವಾಸನೆ ಹೊಡೆಯುತ್ತದೆ. ಇಷ್ಟು ವರ್ಷಗಳಲ್ಲಿ ಇವೆರಡನ್ನೂ ಒಂದು ಮಾಡಬೇಕೆಂದು ತೋಚದೆ ಹೋದದ್ದು ಚಪ್ಪಲಿ ಮಾಡಿಸುವ ಕಂಪನಿಗಳ ಸೋಲು.

ಅವರಿಗೆ ತೋಚುವವರೆಗೆ ನಾವು ಮಾಡಬಹುದಾದದ್ದು ಸ್ವಲ್ಪ ಇದೆ. ಸಂಜೆ ಹೊತ್ತು, ಪಾದ ಊದಿರುವಾಗ ಕೊಳ್ಳಲು ಹೋಗಿ. ಹಿಮ್ಮಡಿ ಒಂದು ಇಂಚಿಗಿಂತ ಮೇಲೆ ಬೇಡ. ಹಿಂದೆ ಪಟ್ಟಿಯಿರಲಿ. ಚಪ್ಪಲಿಯನ್ನು ತಿರುಗಿಸಿ ತಳದ ಗೆರೆಗಳನ್ನು ನೋಡಿ. ಅವು ಸವೆದ ದಿನ ಅದನ್ನು ಬಿಸಾಡಿ, ಬಚ್ಚಲಿಗೆಂದು ಎತ್ತಿಡಬೇಡಿ, ಅತ್ತೆಗೆ ಕೊಡಲಂತೂ ಬೇಡಿ. ಮನೆಯ ಹಿರಿಯರಿಗೆ ಹಬ್ಬಕ್ಕೆ ಸೀರೆ ತರುವಾಗ, ಮನೆಯೊಳಗೆ ಹಾಕಲು ಒಂದು ಹೊಸ ಜೊತೆಯನ್ನೂ ತನ್ನಿ. ಅಂಗಡಿಯಲ್ಲಿ ಆ ಪುಟ್ಟ ಕನ್ನಡಿಯ ಮುಂದಿನಿಂದ ಎದ್ದು, "ಸ್ವಲ್ಪ ಮೆಟ್ಟಿಲು ಹತ್ತಿ ಇಳಿದು ನೋಡ್ತೀನಪ್ಪ" ಎಂದು ಹೇಳಿ. ಹುಡುಗ ಮುಖ ಸಿಂಡರಿಸಿಯಾನು. ಪರವಾಗಿಲ್ಲ. ದಿನಕ್ಕೆ ಹತ್ತು ಜನ ಹೆಂಗಸರು ಹಾಗೆ ಕೇಳಿದರೆ, ಸುದ್ದಿ ಮಾಲೀಕನಿಗೆ ಮುಟ್ಟುತ್ತದೆ, ಅವನಿಂದ ಮಾಡುವವನಿಗೂ ಮುಟ್ಟುತ್ತದೆ.